ಯಾಕಮ್ಮ ಮೇಡಂ

"ಆ ಹೆಸರಿನವರು ಯಾರೂ ನಮ್ಮ ಠಾಣೆಯಲ್ಲಿಲ್ಲ. ಎಷ್ಟು ಸಲ ಹೇಳ್ಬೇಕು ನಿಮಗೆ?"

ಇನ್‌ಸ್ಪೆಕ್ಟರ್ ಹೀಗೆಂದು ಮುಂದಿದ್ದ ಚಹಾ ಲೋಟವನ್ನು ಎತ್ತಿಕೊಂಡ. ಎದುರಿಗೆ ನಿಂತಿದ್ದ ವಕೀಲೆ ಕಪ್ಪು ಕೋಟು ತೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಕೋಟನ್ನು ಹೊಲಿದುಕೊಟ್ಟವಳು ತಂಗಿ. ಅಪ್ಪನ ದರ್ಜಿ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. "ಸ್ವಲ್ಪ ಸಡಿಲ ಇಟ್ಟಿದೀನಿ ಅಕ್ಕ, ನಡುಗಿದ್ರೂ ಹೊರಗೆ ಕಾಣಲ್ಲ" ಎಂದು ಕಿಚಾಯಿಸಿದ್ದಳು. ಈಗ ವಕೀಲೆ ಆ ಕೋಟಿನ ಗುಂಡಿ ಹಾಕಿಕೊಂಡು ಅಲ್ಲೇ ನಿಂತಳು.

ಆಸ್ಪತ್ರೆಗಳ ಹೊದಿಕೆ, ಹಾಸಿಗೆಬಟ್ಟೆ ತೊಳೆಯುವ ದೊಡ್ಡದೊಂದು ಲಾಂಡ್ರಿಯಲ್ಲಿ ಉಗಿಯ ಕೊಳವೆ ಒಡೆದು ಒಬ್ಬಳ ತೋಳು ಬೆಂದಿತ್ತು. ಕೊಳವೆ ಬದಲಾಯಿಸುವ ತನಕ ಯಂತ್ರ ಮುಟ್ಟುವುದಿಲ್ಲವೆಂದು ಹೆಂಗಸರು ಕೈಕಟ್ಟಿ ಕೂತರು. ಮಾಲೀಕ ಪೊಲೀಸರಿಗೆ ಫೋನ್ ಮಾಡಿದ. ಮುಂದೆ ನಿಂತು ಮಾತಾಡಿದ ನಾಲ್ವರನ್ನು ವ್ಯಾನಿಗೆ ಹತ್ತಿಸಿದ್ದನ್ನು ಇಡೀ ಬೀದಿ ನೋಡಿತ್ತು. ಆಮೇಲೆ ಅವರ ಸುಳಿವೇ ಇಲ್ಲ. ನಾಲ್ವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಆಕೆಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಉಳಿಯುವಂತಿರಲಿಲ್ಲ. ಅವಳ ಮಗಳು ಕಂಡ ಕಂಡ ವಕೀಲರ ಬಾಗಿಲು ತಟ್ಟಿ, ಕೊನೆಗೆ ಯಾವ ಕಕ್ಷಿದಾರರೂ ಬರದ ಈ ಹೊಸಬಳ ಕೋಣೆಗೆ ಬಂದಿದ್ದಳು.

ಹಿಡಿದಿಟ್ಟವರನ್ನು ತಂದು ತೋರಿಸಿ ಎಂದು ವಕೀಲೆ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದಳು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಸರ್ಕಾರ ತನ್ನ ಬಳಿ ಇಲ್ಲ ಅಂತಿದೆ. ನೀವು ಇದ್ದಾರೆ ಅಂತೀರಿ. ಬೀದಿಯ ಮಾತು ಸಾಲದು ತಾಯಿ. ಅವರು ಒಳಗಿದ್ದಾರೆ ಅನ್ನೋದಕ್ಕೆ ನಾಳೆ ಏನಾದರೂ ತನ್ನಿ" ಎಂದಿದ್ದರು.

ಠಾಣೆಯಿಂದ ಬರಿಗೈಯಲ್ಲಿ ಹೊರಬಂದ ಆಕೆ ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಂಗಡಿಯ ಯುವಕ ಮಾತಿಗೂ ಅಳತೆಯ ಚಮಚ ಇಟ್ಟುಕೊಂಡವನಂತಿದ್ದ. ನೀರು ತಂದುಕೊಟ್ಟು ಏನಾಯಿತೆಂದಷ್ಟೇ ಕೇಳಿದ. ಹೇಳುತ್ತ ಹೇಳುತ್ತಲೇ ಆಕೆಗೆ ಉಪಾಯ ಹೊಳೆಯಿತು.

"ಇನ್ಸುಲಿನ್ ಇದೆಯಾ?"

"ಇದೆ."

"ನನ್ನ ಜೊತೆ ಠಾಣೆಯ ಹಿಂದಿನ ಗೇಟಿನ ತನಕ ಬರ್ತೀರಾ?"

ಆತ ಅಂಗಡಿಯ ಬಾಗಿಲೆಳೆದ.

ಹಿಂದಿನ ಗೇಟಿನಲ್ಲಿ ವಯಸ್ಸಾದ ಪೇದೆಯೊಬ್ಬ ನಿಂತಿದ್ದ. ದೊಡ್ಡಕ್ಕ ಒಳಗಿದ್ದಾಳಾ ಎಂದು ವಕೀಲೆ ಕೇಳಲೇ ಇಲ್ಲ. ಪೊಟ್ಟಣ ಮುಂದೆ ಹಿಡಿದು, "ದೊಡ್ಡಕ್ಕನ ಔಷಧಿ. ತಡವಾದ್ರೆ ಜೀವಕ್ಕೇ ಅಪಾಯ" ಎಂದಳು. ಪೇದೆ ಆಚೀಚೆ ನೋಡಿ, ಗಬಕ್ಕನೆ ಪೊಟ್ಟಣ ತೆಗೆದುಕೊಂಡು, ದನಿ ತಗ್ಗಿಸಿದ. "ಬೆಳಿಗ್ಗೆಯಿಂದ ಕಣ್ಣು ಕತ್ತಲೆ ಬರ್ತಿದೆ ಅಂತಿದ್ದಾಳೆ ಪಾಪ. ಇದನ್ನ ತಣ್ಣಗಿರೋ ಕಡೆ ಇಡ್ಬೇಕಾ?"

"ಇಡ್ಬೇಕು. ಊಟಕ್ಕೆ ಮುಂಚೆ ಕೊಡಿ" ಎಂದ ಅಂಗಡಿಯವನು.

ಅಷ್ಟು ಸಾಕಿತ್ತು. ಆದರೆ ಸಂಜೆಯ ಹೊತ್ತಿಗೆ ಸುದ್ದಿ ಹೇಗೋ ಹೊರಬಿದ್ದಿತ್ತು. ಠಾಣೆಯ ಇಬ್ಬರು ಔಷಧಿ ಅಂಗಡಿಗೆ ಬಂದು, ಏನೂ ಕೊಳ್ಳದೆ, ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟಿದ್ದ ಲೈಸೆನ್ಸನ್ನು ತದೇಕಚಿತ್ತದಿಂದ ನೋಡಿದರು. "ಚೆನ್ನಾಗಿದೆ. ಹೀಗೇ ಗೋಡೆ ಮೇಲೇ ಇರ್ಲಿ" ಎಂದು ಹೇಳಿ ಹೋದರು. ಮರುದಿನ ಬೆಳಿಗ್ಗೆ, ಸಾಕ್ಷಿ ಹೇಳುತ್ತೇನೆಂದಿದ್ದ ಆತ ನ್ಯಾಯಾಲಯದ ಜಗಲಿಯಲ್ಲಿ ಕಾಣಲಿಲ್ಲ. ಸರ್ಕಾರಿ ವಕೀಲರು ತಮ್ಮ ಮಾತು ಮುಗಿಸುತ್ತ ಬಂದಿದ್ದರು. ಅಷ್ಟರಲ್ಲಿ ಆತ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡ. ಸಾಕ್ಷಿಯ ಕಟಕಟೆಯಲ್ಲಿ ನಿಂತು, ಪೇದೆ ಹೇಳಿದ್ದನ್ನು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ ಹೇಳಿದ.

"ಒಳಗೆ ಯಾರೂ ಇಲ್ಲ ಅಂದ್ರೆ ಕಣ್ಣು ಕತ್ತಲೆ ಬಂದದ್ದು ಯಾರಿಗೆ?" ಎಂದು ನ್ಯಾಯಾಧೀಶರು ಸರ್ಕಾರಿ ವಕೀಲರನ್ನು ಕೇಳಿದರು. ಮಧ್ಯಾಹ್ನದೊಳಗೆ ನಾಲ್ವರನ್ನೂ ಕರೆತಂದರು. ದೊಡ್ಡಕ್ಕನನ್ನು ಇಬ್ಬರು ಹಿಡಿದು ನಡೆಸಬೇಕಾಯಿತು, ಆದರೂ ಬದುಕಿದ್ದಳು.

ಔಷಧಿ ಅಂಗಡಿಯವನು ಮುಂದೆ ವಕೀಲೆಯ ಗಂಡನಾದ. "ಸಾಕ್ಷಿಯನ್ನ ಯಾಕೆ ಮದುವೆಯಾದ್ರಿ?" ಎಂದು ಯಾರಾದರೂ ಕೇಳಿದರೆ, "ಅಡ್ಡಪ್ರಶ್ನೆ ಕೇಳೋದು ಬಾಕಿ ಉಳಿದಿತ್ತು" ಎನ್ನುತ್ತಿದ್ದಳು. ಆದರೆ ಆ ಮೊಕದ್ದಮೆಯ ಬಗ್ಗೆ ಹೇಳುವಾಗ ಅವಳ ನಗು ಒಂದು ಕಡೆ ಬಂದು ನಿಲ್ಲುತ್ತಿತ್ತು. ಕೆಲಸ ಕಳೆದುಕೊಂಡದ್ದು ಇನ್‌ಸ್ಪೆಕ್ಟರ್ ಅಲ್ಲ. ಪಾಪ ಎಂದು ಔಷಧಿ ಈಸಿಕೊಂಡ ಆ ಪೇದೆ.

ಗೆದ್ದ ಮೇಲೆ ವಕೀಲಿಕೆ ಕೈಹಿಡಿಯಬೇಕಿತ್ತು, ಆದದ್ದು ತಿರುಗುಮುರುಗು. ಪೊಲೀಸರನ್ನು ಎದುರುಹಾಕಿಕೊಂಡವಳ ಕೋಣೆಗೆ ಹೋದರೆ ತಮ್ಮ ಕೆಲಸ ಕೆಟ್ಟೀತೆಂದು ಜನ ದೂರವೇ ಉಳಿದರು. ಬಡವರ ಮೊಕದ್ದಮೆಗಳು ಬಂದವು, ಹೊಟ್ಟೆ ತುಂಬಿಸುವಂಥವು ಬರಲಿಲ್ಲ. ಕಾನೂನು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಸದ್ಯಕ್ಕೆ ಇರಲಿ ಎಂದು ಒಪ್ಪಿಕೊಂಡವಳು ಅಲ್ಲೇ ಬೇರು ಬಿಟ್ಟಳು.

ಆ ತರಗತಿಯಲ್ಲಿ ಫ್ಯಾನುಗಳ ಕಿರುಗುಟ್ಟುವಿಕೆಯ ಮೇಲೆ ದನಿ ಏರಿಸಿ ಮಾತಾಡಬೇಕಿತ್ತು. ವಿದ್ಯಾರ್ಥಿ ಎದ್ದು ನಿಂತು ಕಾಯ್ದೆಯ ಕಲಮನ್ನು ಗಿಳಿಪಾಠದಂತೆ ಒಪ್ಪಿಸಿದರೆ ಆಕೆ ಸುಮ್ಮನೆ ಕೇಳಿಸಿಕೊಂಡು, "ಯಾಕಪ್ಪ?" ಎನ್ನುತ್ತಿದ್ದರು. ಅವನು ಉತ್ತರಿಸಿದರೆ ಅದಕ್ಕೂ ಯಾಕೆ. ಹಿಂದಿನ ಬೆಂಚಿನವರು ಹೆಸರಿಟ್ಟೇಬಿಟ್ಟರು: ಯಾಕಮ್ಮ. ಒಂದು ದಿನ ಕರಿಹಲಗೆಯ ತುಂಬ ಆ ಹೆಸರನ್ನು ಬರೆದಿಟ್ಟು, ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಮೇಡಂ ಬಂದರು, ನೋಡಿದರು, ಸೀಮೆಸುಣ್ಣ ಎತ್ತಿಕೊಂಡು ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಚಿಹ್ನೆ ಬಿಟ್ರೆ ಅರ್ಥ ಕೆಡುತ್ತೆ" ಎಂದು ಪಾಠ ಶುರು ಮಾಡಿದರು. ಅಲ್ಲಿಂದ ಮುಂದೆ ಊರಿಗೆಲ್ಲ ಅವರು ಯಾಕಮ್ಮ ಮೇಡಂ.

ವರ್ಷ ವರ್ಷವೂ ಬಂದು ಹೋದ ವಿದ್ಯಾರ್ಥಿಗಳಲ್ಲಿ ಇಬ್ಬರ ಮಾತು ಇಲ್ಲಿ ಬರಬೇಕು. ಒಬ್ಬ ಲೌಡ್‌ಸ್ಪೀಕರ್, ಅವನು ಮೊದಲ ಬೆಂಚಿನಲ್ಲಿ ವಾದಿಸಿದರೆ ಅಂಗಳದಲ್ಲಿದ್ದವರೂ ನಿಂತು ಕೇಳುತ್ತಿದ್ದರು. ಇನ್ನೊಬ್ಬಳು ಪಿಸುಮಾತು, ಅವಳು ಹೇಳಿದ್ದನ್ನು ಪಕ್ಕದವಳು ಮತ್ತೆ ಹೇಳಿದರಷ್ಟೇ ತರಗತಿಗೆ ತಿಳಿಯುತ್ತಿತ್ತು. ಲೌಡ್‌ಸ್ಪೀಕರ್ ಕಾಲೇಜು ಮುಗಿಸಿ ರಾಜಕೀಯ ಪಕ್ಷ ಸೇರಿ, ನೋಡನೋಡುತ್ತಿದ್ದಂತೆ ಮೇಲಕ್ಕೇರಿದ. ಒಂದು ಬೆಳಿಗ್ಗೆ ಮೇಡಂ ಮನೆಗೇ ಬಂದ.

"ಹೊರಗೆ ನಿಂತು ಬಾಗಿಲು ಬಡಿದದ್ದು ಸಾಕು ಮೇಡಂ. ಒಳಗೆ ಬನ್ನಿ. ಚುನಾವಣೆಗೆ ನಿಲ್ಲಿ."

ಗಂಡ ಪತ್ರಿಕೆಯಿಂದ ತಲೆ ಎತ್ತದೆ, "ಅಲ್ಲಿ ಯಾಕೆ ಅಂತ ಕೇಳೋಕೆ ಬಿಡ್ತಾರಾ, ಮೊದ್ಲು ಅದನ್ನ ಕೇಳ್ಕೋ" ಎಂದರು.

ಲೌಡ್‌ಸ್ಪೀಕರ್ ಮನಸಾರೆ ನಕ್ಕ. "ಅದನ್ನ ನೀವು ಕೇಳದೆ ಇನ್ಯಾರು ಕೇಳ್ತಾರೆ?"

ಲಾಂಡ್ರಿಯ ಹೆಂಗಸರು ಮನೆಮನೆ ಸುತ್ತಿ ಪ್ರಚಾರ ಮಾಡಿದರು. ಮೇಡಂ ಗೆದ್ದು ಶಾಸನಸಭೆಗೆ ಹೋದರು. ಯಾರನ್ನೇ ಹಿಡಿದರೂ ಮನೆಯವರಿಗೆ ಕೂಡಲೇ ತಿಳಿಸಬೇಕು ಎಂಬ ಕಾಯ್ದೆಯನ್ನು ಲೌಡ್‌ಸ್ಪೀಕರ್ ಮತ್ತು ಅವರು ಸೇರಿಯೇ ತಂದರು. ಆ ದಿನ ಅವನು ಸಭೆಯಲ್ಲಿ ಮಾತಾಡಿದ್ದನ್ನು ಕೇಳಿ, ಪಾಠ ಮಾಡಿದ್ದು ಸಾರ್ಥಕವಾಯಿತೆಂದು ಅವರ ಕಣ್ಣು ತುಂಬಿತ್ತು. ಎರಡನೇ ಬಾರಿ ಪಕ್ಷ ಅಧಿಕಾರಕ್ಕೆ ಬಂದಾಗ ಅವನು ಗೃಹಮಂತ್ರಿಯಾದ.

ಆ ವರ್ಷವೇ ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿಯಿತು.

ಸುದ್ದಿ ಬಂದಾಗ ಮೇಡಂ ಸಭೆಯ ಗ್ರಂಥಾಲಯದಲ್ಲಿದ್ದರು. ತಂಗಿಯ ಫೋನ್. "ಅಕ್ಕ, ಅವಳು ಆ ರೈಲಿಗೇ ಹೋಗಿದ್ದು" ಎಂದಷ್ಟೇ ಹೇಳಿದಳು. ತಂಗಿಗಿದ್ದವಳು ಒಬ್ಬಳೇ ಮಗಳು. ಪುರಸಭೆಯ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಪಕ್ಕದ ಊರಿನ ಸ್ಪರ್ಧೆಗೆಂದು ಹೊರಟಿದ್ದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಅವಳನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ದಿದ್ದರು. ಜೀವ ಉಳಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ತಂಗಿ ಅಳಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಕೂತು ಸೆರಗಿನ ಅಂಚನ್ನು ಉಗುರಿನಿಂದ ಒಂದೊಂದೇ ಎಳೆಯಾಗಿ ಬಿಡಿಸುತ್ತಿದ್ದಳು. ಜೀವಮಾನವಿಡೀ ಹೊಲಿದ ಕೈಗಳು ಹೊಲಿಗೆ ಬಿಚ್ಚುವುದನ್ನು ಅಕ್ಕ ನೋಡುತ್ತ ಕೂತರು.

ಪೊಲೀಸರು ನಿಲ್ದಾಣದ ಹಿಂದಿನ ಕಾರ್ಮಿಕರ ವಸತಿಗೃಹದಿಂದ ಏಳು ಜನರನ್ನು ಹಿಡಿದರು. ಊರು ಕೊತಕೊತ ಕುದಿಯುತ್ತಿತ್ತು. ವಾರ ಕಳೆಯುವ ಮೊದಲೇ ಹೊಸ ಮಸೂದೆ ಸಿದ್ಧವಾಯಿತು: ಇಂಥ ಪ್ರಕರಣಗಳಲ್ಲಿ ಹಿಡಿದವರನ್ನು ಮೂರು ತಿಂಗಳು ಇಟ್ಟುಕೊಳ್ಳಬಹುದು, ಅಷ್ಟೂ ದಿನ ವಕೀಲರು ನೋಡುವಂತಿಲ್ಲ, ಮನೆಯವರು ನೋಡುವಂತಿಲ್ಲ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಯೇ ಸಾಕ್ಷಿ.

ಲೌಡ್‌ಸ್ಪೀಕರ್ ಆಸ್ಪತ್ರೆಗೆ ಬಂದ. ಹಾಸಿಗೆಯ ಬಳಿ ನಿಂತು ಅತ್ತದ್ದು ನಾಟಕವಲ್ಲ. ಚಿಕ್ಕಂದಿನಿಂದ ಆ ಹುಡುಗಿಯನ್ನು ಕಂಡವನು. ಆಮೇಲೆ ಮೇಡಂರನ್ನು ಕಾರಿಡಾರಿನ ತುದಿಗೆ ಕರೆದ.

"ಮಸೂದೆ ಪರವಾಗಿ ನೀವು ಮಾತಾಡ್ಬೇಕು. ನೀವು ಎದ್ದು ನಿಂತ್ರೆ ಇನ್ಯಾರೂ ಬಾಯಿ ಬಿಡಲ್ಲ."

"ವಕೀಲರನ್ನ ಯಾಕೆ ದೂರ ಇಡ್ಬೇಕು?"

"ಮೇಡಂ, ಇದು ಕ್ಲಾಸ್ ಅಲ್ಲ."

"ಯಾಕೆ ಅಂತ ಕೇಳಿದೆ."

ಅವನು ಕಣ್ಣು ಒರೆಸಿಕೊಂಡ. ದನಿ ಇಳಿದಿತ್ತು. "ಜನ ನನ್ನ ಬಾಗಿಲಲ್ಲಿ ನಿಂತಿದ್ದಾರೆ. ಏನಾದ್ರೂ ಮಾಡು ಅಂತಿದ್ದಾರೆ. ನಾಳೆ ಇನ್ನೊಂದು ಸಿಡಿದ್ರೆ ನಾನು ಏನು ಹೇಳ್ಲಿ? ಕೈದಿಗಳಿಗೆ ವಕೀಲರನ್ನ ಹುಡುಕ್ತಾ ಇದ್ದೆ ಅಂತ ಹೇಳ್ಲಾ?"

ಬಾಗಿಲ ಮರೆಯಲ್ಲಿ ತಂಗಿ ನಿಂತಿದ್ದಳು. ಅವನು ಹೋದ ಮೇಲೆ ಹತ್ತಿರ ಬಂದಳು. "ಅಕ್ಕ, ಇದೊಂದು ಸಲ ಹೂಂ ಅನ್ನು. ನಿನ್ನ ಪಾಠ ಬೇಡ. ನೀನು ಯಾರ ಕಡೆ ಅಂತ ಹೇಳು."

ಮೇಡಂ ಹೂಂ ಎನ್ನದೆ ಅವಳ ಕೈ ಹಿಡಿಯಲು ಹೋದರು. ತಂಗಿಗೆ ಅಷ್ಟೇ ಸಾಕಾಯಿತು. ಅವಳು ಮುಖ ತಿರುಗಿಸಿ ಒಳಗೆ ಹೋದಳು.

ಆ ನಾಲ್ಕಾರು ದಿನ ಮೇಡಂಗೂ ಸಿಟ್ಟಿತ್ತು. ಆ ಏಳು ಜನರ ಮುಖ ಪತ್ರಿಕೆಯಲ್ಲಿ ಬಂದಾಗ ಅದನ್ನು ಹರಿದು ಚೂರು ಮಾಡಬೇಕೆನ್ನಿಸಿತ್ತು. ಹಾಗನ್ನಿಸಿದ್ದಕ್ಕೇ ಹೆದರಿಕೆಯಾಗಿತ್ತು. ಇವರಲ್ಲೊಬ್ಬ ಅಪರಾಧಿಯಲ್ಲದಿದ್ದರೆ ಅದು ತಿಳಿಯುವುದು ಹೇಗೆ, ಯಾರೂ ಹೋಗಿ ಕೇಳುವಂತಿಲ್ಲದಿದ್ದರೆ? ಇದನ್ನು ಗಂಡನಿಗೆ ಹೇಳಿದಾಗ ಅವರು, "ನಿನ್ನ ತಂಗಿಗೆ ಇದನ್ನ ಈಗ ಹೇಳ್ಬೇಡ" ಎಂದರು.

ಮತದಾನದ ದಿನ ಬೆಳಿಗ್ಗೆ ಮೇಡಂ ಆಸ್ಪತ್ರೆಗೆ ಹೋದರು. ತಂಗಿ ಮನೆಗೆ ಹೋಗಿದ್ದಳು. ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಎಂದುಕೊಂಡು ಎದ್ದು ಹೊರಟಾಗ ದನಿ ಕೇಳಿಸಿತು.

"ದೊಡ್ಡಮ್ಮ, ಅಲ್ಲಿ ನನ್ನ ಹೆಸರು ತೆಗೀಬೇಡಿ. ಆ ಕಡೆಗೂ ಬೇಡ, ಈ ಕಡೆಗೂ ಬೇಡ."

"ತೆಗೆಯಲ್ಲ ಮಗಳೇ."

ಸಭಾಂಗಣದಲ್ಲಿ ಕುರ್ಚಿ ಸರಿದ ಸದ್ದೂ ಕೇಳುವಂತಿತ್ತು. ಪ್ರೇಕ್ಷಕರ ಗ್ಯಾಲರಿಯಲ್ಲಿ ಗಾಯಗೊಂಡವರ ಮನೆಯವರನ್ನು ಕೂರಿಸಿದ್ದರು. ಅವರ ನಡುವೆ ತಂಗಿಯೂ ಇದ್ದಳು. ಗೃಹಮಂತ್ರಿ ಎದ್ದು ನಿಂತು ಮಾತಾಡಿದ. ಕಾಲೇಜಿನಲ್ಲಿ ಕೇಳಿದ ಅದೇ ಕಂಚಿನ ಕಂಠ. "ನಮ್ಮ ನಡುವೆಯೇ ಇರುವ ಹಿರಿಯರೊಬ್ಬರ ಮನೆಮಗಳು ಇಂದು ಆಸ್ಪತ್ರೆಯ ಹಾಸಿಗೆಯ ಮೇಲಿದ್ದಾಳೆ" ಎಂದಾಗ ಎಲ್ಲರ ಕಣ್ಣೂ ಮೇಡಂ ಕಡೆ ಹೊರಳಿದವು.

ಅವರ ಸರದಿ ಬಂತು. ಪಕ್ಷದವರು ಮೇಜು ಕುಟ್ಟಿ ಸ್ವಾಗತಿಸಿದರು, ಪರವಾಗಿಯೇ ಮಾತಾಡುತ್ತಾರೆಂದು. ಮೇಡಂ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬಾಂಬ್ ಇಟ್ಟವನು ಸಿಗಬೇಕು. ಅವನಿಗೆ ಶಿಕ್ಷೆಯಾಗಬೇಕು. ಅದು ನನಗೆ ಎಷ್ಟು ಬೇಕು ಅಂತ ಇಲ್ಲಿ ಹೇಳುವುದಿಲ್ಲ. ಆದರೆ ಕತ್ತಲ ಕೋಣೆಯಲ್ಲಿ ಮೂರು ತಿಂಗಳು ಕೂಡಿಟ್ಟರೆ ಯಾರು ಬೇಕಾದರೂ ಹೌದು, ನಾನೇ ಮಾಡಿದೆ ಅಂತಾರೆ. ಮಾಡದವನು ಒಪ್ಪಿಕೊಂಡ ದಿನ ಮಾಡಿದವನನ್ನು ಹುಡುಕುವುದು ನಿಂತುಹೋಗುತ್ತೆ. ಅವನು ಮತ್ತೆ ನಿಲ್ದಾಣಕ್ಕೆ ಬರುತ್ತಾನೆ. ಈ ಮಸೂದೆ ನಮ್ಮನ್ನು ಕಾಯುವುದಿಲ್ಲ. ನಾನು ಇದಕ್ಕೆ ಮತ ಹಾಕಲಾರೆ."

ಯಾರೋ "ಕೂತ್ಕೊಳ್ರೀ" ಎಂದರು. ಆಮೇಲೆ ಹಲವರು ಅಂದರು. ಸಭಾಧ್ಯಕ್ಷರು ಗಂಟೆ ಬಾರಿಸಿದರು. ಪರವಾಗಿರುವವರು ಎದ್ದು ನಿಲ್ಲಿ ಎಂದಾಗ ಮೇಡಂ ಸುತ್ತಲ ಸಾಲೆಲ್ಲ ಎದ್ದಿತು. ಆ ಎದ್ದವರ ನಡುವೆ ಅವರೊಬ್ಬರೇ ಹಳ್ಳಕ್ಕೆ ಬಿದ್ದವರಂತೆ ಕೂತಿದ್ದರು. ತಲೆ ಎತ್ತಿ ಗ್ಯಾಲರಿಯತ್ತ ನೋಡಿದರು. ತಂಗಿಯ ಕುರ್ಚಿ ಖಾಲಿಯಾಗಿತ್ತು.

ಮಸೂದೆ ಸಲೀಸಾಗಿ ಗೆದ್ದಿತು. ಪಕ್ಷ ಅವರನ್ನು ಹೊರಹಾಕಿತು. ಮರುದಿನ ಔಷಧಿ ಅಂಗಡಿಯ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ದ್ರೊಹಿ' ಎಂದು ಬರೆದಿದ್ದರು. ಗಂಡ ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಉಜ್ಜುತ್ತಿದ್ದರು. ಹೆಂಡತಿಯನ್ನು ಕಂಡು, "ದೀರ್ಘ ಬಿಟ್ಟಿದ್ದಾರೆ. ನಿನ್ನ ವಿದ್ಯಾರ್ಥಿಗಳಂತೂ ಅಲ್ಲ" ಎಂದರು. ಮೇಡಂ ನಗಲು ಹೋಗಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು.

ಅಂಗಡಿಗೆ ಬರುವವರು ಕಡಿಮೆಯಾದರು. ಮುಂದಿನ ಚುನಾವಣೆಯಲ್ಲಿ ಮೇಡಂ ಸ್ವಂತವಾಗಿ ನಿಂತು ಹೀನಾಯವಾಗಿ ಸೋತರು. ಕಾಲೇಜು ಹಿಂದೆಮುಂದೆ ನೋಡಿ ಸಂಜೆಯ ತರಗತಿಯೊಂದನ್ನು ಕೊಟ್ಟಿತು. ತಂಗಿಯ ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಮಗಳು ಆಗಾಗ ಫೋನ್ ಮಾಡುತ್ತಿದ್ದಳು. ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ದೊಡ್ಡಮ್ಮ ಎಂದೊಡನೆ ಆ ಸದ್ದು ನಿಂತುಹೋಗುತ್ತಿತ್ತು.

ಈ ನಡುವೆ ಮೂರು ತಿಂಗಳು ಕಳೆದು ಪೊಲೀಸರು ನ್ಯಾಯಾಲಯಕ್ಕೆ ತಂದು ನಿಲ್ಲಿಸಿದಾಗ ಏಳು ಜನರೂ ತಪ್ಪೊಪ್ಪಿಕೊಂಡಿದ್ದರು. ಅವರ ಪರ ವಾದಿಸಬಾರದೆಂದು ವಕೀಲರ ಸಂಘ ಕೈ ಎತ್ತಿ ತೀರ್ಮಾನಿಸಿತು. ಮೇಡಂ ತಾವೇ ವಾದಿಸುವಂತಿರಲಿಲ್ಲ. ಸಾಕ್ಷಿ ಹೇಳಬೇಕಾದವಳು ಮನೆಯ ಹುಡುಗಿ. ಹೀಗಿರುವಾಗ ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದೂ ಕೇಳದಷ್ಟು ಮೆಲ್ಲಗೆ ಯಾರೋ ಬಂದರು. ನೋಡಿದರೆ ಪಿಸುಮಾತು. ಆಸ್ತಿಪತ್ರ, ಬಾಡಿಗೆ ಕರಾರು ಬರೆದುಕೊಡುತ್ತ ತಣ್ಣಗೆ ವಕೀಲಿಕೆ ಮಾಡಿಕೊಂಡಿದ್ದವಳು.

"ಆ ಏಳು ಜನರ ಕೇಸು ತಗೊಂಡಿದೀನಿ ಮೇಡಂ."

"ಯಾಕಮ್ಮ?"

"ಇದನ್ನೇ ಕೇಳ್ತೀರ ಅಂತ ಉತ್ತರ ರೆಡಿ ಮಾಡ್ಕೊಂಡು ಬಂದಿದ್ದೆ. ಬಾಗಿಲ ಹತ್ರ ಬಂದಾಗ ಮರೆತೋಯ್ತು."

ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು. "ಹಾಗಾದ್ರೆ ಇವತ್ತಿಂದ ಇದು ಮುಗಿಯೋ ತನಕ ನನ್ನ ಹತ್ರ ಮಾತಾಡ್ಬೇಡ. ಮಾತಾಡೋದು ಸರಿಯಲ್ಲ. ದಾರಿಯಲ್ಲಿ ಸಿಕ್ಕಿದ್ರೂ ನೋಡದ ಹಾಗೆ ಹೋಗು."

ವಿಚಾರಣೆ ನಡೆದಷ್ಟು ದಿನ ಮೇಡಂ ನ್ಯಾಯಾಲಯದ ಕಟ್ಟಕಡೆಯ ಬೆಂಚಿನಲ್ಲಿ ಕೂತರು. ತಂಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅವಳ ಪಕ್ಕದಲ್ಲಿ ದಿನವೂ ಒಬ್ಬ ಮುದುಕಿ. ಇಬ್ಬರೂ ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದರು. ಮುದುಕಿಗೆ ಬೆನ್ನುನೋವೆಂದು ತಂಗಿ ಚಿಂದಿ ಬಟ್ಟೆ ತುಂಬಿ ದಿಂಬೊಂದನ್ನು ಹೊಲಿದು ತಂದುಕೊಟ್ಟಿದ್ದಳು.

ಪಿಸುಮಾತಿಗೆ ಮೊದಲ ದಿನವೇ ನ್ಯಾಯಾಧೀಶರು, "ಗಟ್ಟಿಯಾಗಿ ಮಾತಾಡಿ" ಎಂದರು. ಅವಳಿಂದಾಗಲಿಲ್ಲ. ಕೊನೆಗೆ ಅವಳು ಬಾಯಿ ತೆರೆದರೆ ಇಡೀ ಕೋಣೆ ಕೆಮ್ಮನ್ನೂ ನುಂಗಿಕೊಂಡು ಕೇಳುವಂತಾಯಿತು. ಏಳು ಜನರ ತಪ್ಪೊಪ್ಪಿಗೆಯಲ್ಲೂ ಒಂದೇ ವಾಕ್ಯ, ಒಂದೇ ಪದ, ಒಂದೇ ಕಡೆ ಅಲ್ಪವಿರಾಮ ಇರುವುದನ್ನು ಅವಳು ತೋರಿಸಿದಳು. ಅವರಲ್ಲೊಬ್ಬನಿಗೆ ಆ ತಪ್ಪೊಪ್ಪಿಗೆ ಬರೆದ ಭಾಷೆಯಲ್ಲಿ ತನ್ನ ಹೆಸರಿನ ಹೊರತು ಬೇರೇನೂ ಹೇಳಲು ಬರುತ್ತಿರಲಿಲ್ಲ.

ಆಮೇಲೆ ತಂಗಿಯ ಮಗಳ ಸರದಿ ಬಂತು. ಊರುಗೋಲಿನ ಮೇಲೆ ಭಾರ ಹಾಕಿ ಕಟಕಟೆ ಹತ್ತಿದಳು. ಸರ್ಕಾರಿ ವಕೀಲರು ಕೇಳಿದಾಗ, ನಿಲ್ದಾಣದಲ್ಲಿ ಚೀಲ ಹಿಡಿದ ಇಬ್ಬರನ್ನು ಕಂಡೆ ಎಂದು ಹೇಳಿ, ಕೈದಿಗಳ ಸಾಲಿನಲ್ಲಿದ್ದ ಇಬ್ಬರನ್ನು ತೋರಿಸಿದಳು: ಒಬ್ಬ ದಪ್ಪ ಹುಬ್ಬಿನವನು, ಇನ್ನೊಬ್ಬ ಎಳೆಯ ವಯಸ್ಸಿನವನು. ಈಗ ಪಿಸುಮಾತು ಎದ್ದಳು. ಹಿಂದಿನ ಬೆಂಚಿನಲ್ಲಿ ಮೇಡಂ ಮುಂದಕ್ಕೆ ಬಾಗಿ ಕೂತರು. ತಾನೇ ಕಲಿಸಿದವಳು ತಾನೇ ಎತ್ತಿ ಆಡಿಸಿದವಳನ್ನು ಈಗ ಪ್ರಶ್ನಿಸಬೇಕು.

"ನಿಮಗೆ ನೋವಾಗೋ ಪ್ರಶ್ನೆ ಕೇಳ್ಬೇಕಾಗಿದೆ. ಕ್ಷಮಿಸಿ" ಎಂದಳು ಪಿಸುಮಾತು. "ಈ ಇಬ್ಬರ ಮುಖ ನೀವು ಮೊದಲು ನೋಡಿದ್ದು ನಿಲ್ದಾಣದಲ್ಲಾ, ಅಥವಾ ಪೊಲೀಸರು ಆಸ್ಪತ್ರೆಗೆ ತಂದು ತೋರಿಸಿದ ಫೋಟೋದಲ್ಲಾ?"

ಸರ್ಕಾರಿ ವಕೀಲರು ಎದ್ದು ಆಕ್ಷೇಪಿಸಿದರು. ನ್ಯಾಯಾಧೀಶರು ಕೈಸನ್ನೆ ಮಾಡಿ ಕೂರಿಸಿದರು.

"ದಪ್ಪ ಹುಬ್ಬಿನವನನ್ನ ನಿಲ್ದಾಣದಲ್ಲೇ ನೋಡಿದ್ದು" ಎಂದಳು ಹುಡುಗಿ. "ಚೀಲ ಎತ್ಕೊಂಡು ಅವಸರದಲ್ಲಿ ಬಂದು ನನ್ನ ಕಾಲು ತುಳಿದ. ಸಾರಿ ಅಂದ. ನಾನು ಪರವಾಗಿಲ್ಲ ಅಂದೆ. ಅದು ಫೋಟೋ ಅಲ್ಲ. ಅವನ ದನಿ ಈಗಲೂ ಕಿವಿಯಲ್ಲಿದೆ."

"ಇನ್ನೊಬ್ಬರು?"

"ಇನ್ನೊಬ್ಬನನ್ನ..." ಅವಳು ಆ ಎಳೆಯನತ್ತ ನೋಡಿದಳು. "ಆ ಮುಖಾನ ಪೊಲೀಸರು ತುಂಬ ಸಲ ತೋರಿಸಿದ್ರು. ಇವನೇ ಅಲ್ವಾ, ಇವನೇ ಅಲ್ವಾ ಅಂದ್ರು. ನನಗೆ ಆಗ ನೋವಿತ್ತು. ನಿಲ್ದಾಣದಲ್ಲಿ ನೋಡಿದೆ ಅಂತ ಹೇಳೋಕಾಗಲ್ಲ."

ಮುಂದಿನ ಸಾಲಿನಲ್ಲಿ ತಂಗಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಪಕ್ಕದ ಮುದುಕಿ ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡಳು.

ತೀರ್ಪಿನ ದಿನ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದಪ್ಪ ಹುಬ್ಬಿನವನೂ ಅವನಿಗೆ ಸ್ಫೋಟಕ ತಂದುಕೊಟ್ಟವನೂ ತಪ್ಪಿತಸ್ಥರು. ಬೇರೆ ಸಾಕ್ಷಿಗಳೂ ಅದನ್ನು ಗಟ್ಟಿ ಮಾಡಿದ್ದವು. ಇನ್ನು ಐವರ ಮೇಲೆ ಹೊಡೆದು ಬರೆಸಿಕೊಂಡ ಮಾತಿನ ಹೊರತು ಏನೂ ಇರಲಿಲ್ಲ; ಬಿಡುಗಡೆ. ಆ ಎಳೆಯನ ಹೆಸರು ಓದುತ್ತಿದ್ದಂತೆ ಮುಂದಿನ ಸಾಲಿನ ಮುದುಕಿ ಎದ್ದು, ಕಟಕಟೆಯ ಸರಳುಗಳತ್ತ ತಡವರಿಸಿಕೊಂಡು ಓಡಿದಳು. ಅವನು ಸರಳಿನ ನಡುವಿನಿಂದ ಕೈ ಚಾಚಿ ಅವಳ ತಲೆಯನ್ನು ಹಿಡಿದುಕೊಂಡ. ಬೆಂಚಿನ ಮೇಲೆ ಆ ದಿಂಬು ಹಾಗೆಯೇ ಉಳಿದಿತ್ತು.

ತಂಗಿ ಅದನ್ನೇ ನೋಡುತ್ತ ನಿಂತಳು. ಕೋಣೆ ಖಾಲಿಯಾಗುತ್ತ ಬಂದಾಗ ನಿಧಾನಕ್ಕೆ ಹಿಂದಿನ ಬೆಂಚಿನ ಕಡೆ ಬಂದಳು. ಮತ ಹಾಕಿದ ಆ ದಿನದಿಂದ ಅಕ್ಕನೊಡನೆ ಅವಳಾಡಿದ ಮೊದಲ ಮಾತು ಇದು:

"ಆ ಮುದುಕಿ ಮನೆಯಲ್ಲೂ ನಮ್ಮ ಹಾಗೇ ಬಾಂಬಿಗೆ ಯಾರೋ ಸಿಕ್ಕಿದ್ದಾರೆ ಅಂದ್ಕೊಂಡಿದ್ದೆ. ಇಷ್ಟು ದಿನ ಪಕ್ಕದಲ್ಲಿ ಕೂತಿದ್ಲು. ಅವಳ್ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ಏನು ಮಾಡ್ತಿದ್ದೆ?"

"ಎದ್ದು ಬೇರೆ ಕಡೆ ಕೂರ್ತಿದ್ದೆ." ತಂಗಿ ಬೆಂಚಿನ ತುದಿಯಲ್ಲಿ ಕೂತಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. "ನೀನು ಮಾಡಿದ್ದು ಸರಿ ಅಂತ ನಾನು ಹೇಳ್ತಾ ಇಲ್ಲ."

"ಗೊತ್ತು."

"ನನ್ನ ಮಗಳು ಒಳಗೆ ಮಲಗಿದ್ದಾಗ ನೀನು ಅವರ ಬಗ್ಗೆ ಯೋಚ್ನೆ ಮಾಡಿದ್ದೆ. ಅದು ನನಗೆ ಮರೆಯಲ್ಲ."

"ಮರೀಬೇಡ."

ತಂಗಿ ಎದ್ದಳು. "ಸಂಜೆ ಮನೆಗೆ ಬಾ. ಅವಳು ಕೇಳ್ತಿರ್ತಾಳೆ. ಭಾವನನ್ನೂ ಕರ್ಕೊಂಡು ಬಾ."

ಆ ಕಾಯ್ದೆ ಇನ್ನೂ ಕೆಲವು ವರ್ಷ ಹಾಗೆಯೇ ಇತ್ತು. ವಕೀಲರನ್ನು ದೂರವಿಡುವ ಕಲಮನ್ನು ಮೇಲಿನ ನ್ಯಾಯಾಲಯ ಕೊನೆಗೂ ಹೊಡೆದುಹಾಕಿತು, ವಾದಿಸಿದವಳು ಪಿಸುಮಾತೇ. ಬಿಡುಗಡೆಯಾದ ಐವರಲ್ಲಿ ಒಬ್ಬ ಎಲ್ಲೂ ಕೆಲಸ ಸಿಗದೆ ಊರು ಬಿಟ್ಟು ಹೋದ, ಅವನ ಸುದ್ದಿ ಮತ್ತೆ ಬರಲಿಲ್ಲ. ಲೌಡ್‌ಸ್ಪೀಕರ್ ಮಂತ್ರಿ ಪದವಿ ಕಳೆದುಕೊಂಡ ಮೇಲೆ ಒಂದು ಸಲ ಕಾಲೇಜಿನ ಸಮಾರಂಭಕ್ಕೆ ಬಂದು, ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತ. ಹವೆಯ ಮಾತಾಯಿತು, ಮೊಣಕಾಲು ನೋವಿನ ಮಾತಾಯಿತು, ಮಸೂದೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಅವನು ಅವರ ಕಾಲು ಮುಟ್ಟಲು ಬಗ್ಗಿದ. ಅವರು ಅವನ ಕೈ ಹಿಡಿದು ಎಬ್ಬಿಸಿದರು.

ಯಾಕಮ್ಮ ಮೇಡಂ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಮೆಟ್ಟಿಲು ಹತ್ತಲು ಆಗುವ ತನಕ ಸಂಜೆಯ ತರಗತಿ ನಡೆಸಿದರು. ರಜೆಯ ದಿನ ಅಕ್ಕ ತಂಗಿ ಇಬ್ಬರೂ ಪುರಸಭೆಯ ಕೊಳದ ಕಟ್ಟೆಯ ಮೇಲೆ ಕೂತು, ಕೃತಕ ಕಾಲನ್ನು ಬಿಚ್ಚಿಟ್ಟು ನೀರಿಗಿಳಿದ ಮಗಳು ಮಕ್ಕಳನ್ನು ಗದರುವುದನ್ನು ನೋಡುತ್ತಿದ್ದರು. ಮಾತಿನ ನಡುವೆ ಒಮ್ಮೊಮ್ಮೆ ತಂಗಿ, "ಆದ್ರೂ ಅವತ್ತು ನೀನು ಹಾಗೆ ಮಾಡಬಾರದಿತ್ತು" ಎನ್ನುತ್ತಿದ್ದಳು. ಅಕ್ಕ ಯಾಕೆ ಎಂದು ಕೇಳುತ್ತಿರಲಿಲ್ಲ. ಸರಿದು ಅವಳಿಗೆ ನೆರಳಿನಲ್ಲಿ ಜಾಗ ಮಾಡಿಕೊಡುತ್ತಿದ್ದರು.